ಮೂರು ಸಾಲಿನವರು

ಹಿತ್ತಾಳೆ ಬೋರ್ಡಿನ ಮೇಲೆ ಹೆಸರು ಕೆತ್ತುತ್ತ ಮೂವತ್ತು ವರ್ಷ ಸವೆಸಿದ ಆತ ಮನುಷ್ಯರನ್ನು ಸಾಲಿನಲ್ಲಿ ಅಳೆಯುತ್ತಿದ್ದ. ಬರೀ ಹೆಸರಿದ್ದರೆ ಒಂದು ಸಾಲು. ಕೆಳಗೆ ಡಿಗ್ರಿ ಬಂದರೆ ಎರಡು. ಅದರ ಕೆಳಗೆ ಹುದ್ದೆಯೂ ಬಂದರೆ ಮೂರು. ಅಂಥವರಿಗೆ ಅಂಗಡಿಯಲ್ಲಿ ಕುರ್ಚಿ ಒರೆಸಿ ಕೊಡುತ್ತಿದ್ದ. ಒಬ್ಬ ಅಧಿಕಾರಿ ಹುದ್ದೆ ಮುಗಿದ ಮೇಲೆ ಬಂದು, ಬೋರ್ಡಿಗೆ ‘ನಿವೃತ್ತ’ ಎಂದು ಸೇರಿಸಿಕೊಂಡು ಹೋಗಿದ್ದ. ಗೌರವ ಅಂದರೆ ಹೀಗಿರಬೇಕು, ಹೋಗುವಾಗಲೂ ಒಂದು ಪದ ಜಾಸ್ತಿ ಮಾಡಿಯೇ ಹೋಗುತ್ತದೆ ಎಂದು ಆತ ಮನೆಯಲ್ಲಿ ಹೇಳಿದ್ದ.

ಮಗಳದು ಡಿಗ್ರಿಯ ಕೊನೆಯ ವರ್ಷ. ಅವಳನ್ನು ವಕೀಲೆ ಮಾಡುವುದೆಂದು ನಿಶ್ಚಯಿಸಿ ಅವಳ ಬೋರ್ಡಿನ ಅಕ್ಷರದ ಅಳತೆಯನ್ನೂ ಹಾಕಿಟ್ಟಿದ್ದ. ಅವಳಿಗೋ ಲಿಫ್ಟ್ ರಿಪೇರಿಯ ಹುಚ್ಚು. ಕಾಲೇಜಿನ ಲಿಫ್ಟ್ ಕೆಟ್ಟಾಗಲೆಲ್ಲ ಮೆಕ್ಯಾನಿಕ್‌ಗೆ ಟಾರ್ಚ್ ಹಿಡಿದು ನಿಂತೂ ನಿಂತೂ, ಈಗ ಆ ಮೆಕ್ಯಾನಿಕ್‌ನ ಕಂಪನಿಯೇ ಅವಳನ್ನು ತರಬೇತಿಗೆ ಕರೆದಿತ್ತು. ಡಿಗ್ರಿ ಆದ ಮೇಲೆ ಮುಂದೇನು ಎಂದು ಕೇಳುವ ಕಾಲೇಜಿನ ಫಾರ್ಮಿಗೆ ಅಪ್ಪನ ಸಹಿ ಬಿದ್ದರೆ ಅಲ್ಲಿಗೆ. ಬೀಳದಿದ್ದರೆ ಲಾ ಕಾಲೇಜಿಗೆ. ಅದನ್ನು ಅಂದೇ ಸಂಜೆ ಐದರೊಳಗೆ ಕೊಡಬೇಕಿತ್ತು.

“ಲಿಫ್ಟಲ್ಲಿ ಮೇಲೆ ಹೋಗೋರಿಗೆ ಬೋರ್ಡ್ ಮಾಡೋನು ಕಣೇ ನಾನು. ಅದರ ಅಡಿಗೆ ತೂರೋರಿಗಲ್ಲ.”

“ಲಿಫ್ಟ್ ನಡುವೆ ನಿಂತರೆ ಮೂರು ಸಾಲಿನೋರೂ ನಮ್ಮನ್ನೇ ಕೂಗೋದು, ಅಪ್ಪ.”

“ಬಾಯಿ ಬಲಿತಿದೆ. ಅದಕ್ಕೇ ಲಾ ಓದು ಅನ್ನೋದು.”

ಅವಳು ಫಾರ್ಮನ್ನು ಮುಂದೆ ತಳ್ಳಿದಳು. “ಸಹಿ ಆಮೇಲೆ ನೋಡೋಣ. ಮೊದಲು ನಿನ್ನ ಭಾಗ ತುಂಬು.”

ಫಾರ್ಮ್ ತಯಾರಿಸಿದ ಮೇಷ್ಟ್ರು ಪೋಷಕರನ್ನೂ ಬಿಟ್ಟಿರಲಿಲ್ಲ. ‘ನಿಮ್ಮ ಉದ್ಯೋಗದಲ್ಲಿ ಆಸಕ್ತಿ ಹತ್ತಕ್ಕೆ ಎಷ್ಟು? ಗೌರವ ಹತ್ತಕ್ಕೆ ಎಷ್ಟು?’

ಆಸಕ್ತಿಯ ಎದುರು ಯೋಚಿಸದೆ ಹತ್ತು ಬರೆದ. ಒಂದು ‘ಕ್ಷ’ ಅಂದವಾಗಿ ತಿರುಗಿದ ದಿನ ಅವನು ಊಟ ಮರೆಯುತ್ತಿದ್ದ. ಗೌರವದ ಎದುರು ಪೆನ್ನು ನಿಂತಿತು. ಊರವರ ಅಳತೆಯಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಮಾಡಿದವನಲ್ಲ. ತನ್ನದರಲ್ಲಿ ಮಾಡಲು ಕೈ ಬರಲಿಲ್ಲ. ಮೂರು ಎಂದು ಬರೆದ.

ಆಮೇಲೆ ಮಗಳ ಭಾಗ ನೋಡಿದ. ಲಿಫ್ಟ್ ರಿಪೇರಿ: ಆಸಕ್ತಿ ಹತ್ತು, ಗೌರವ ಮೂರು.

“ನನ್ನದು ನೋಡಿ ಬರೆದೆಯಾ?”

“ನಾನು ನಿನ್ನೆಯೇ ಬರೆದಿದ್ದೆ.”

ಅವನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. ಎರಡೂ ಕಡೆಯ ಮೂರು ಅಲ್ಲೇ ಇತ್ತು. ಕೆತ್ತುವಷ್ಟೇ ನಿಧಾನವಾಗಿ ಸಹಿ ಮಾಡಿದ. ಫಾರ್ಮ್ ಎತ್ತಿಕೊಂಡು ಹೊರಟವಳನ್ನು ಬಾಗಿಲಲ್ಲಿ ತಡೆದ.

“ಆ ಮೂರು ಸ್ವಲ್ಪ ಕಮ್ಮಿ ಆಯ್ತು ಅನ್ಸುತ್ತೆ. ನಾಲ್ಕು ಮಾಡು.”

“ಯಾರದ್ದು?”

“ಇಬ್ಬರದ್ದೂ.”