ಗರಿಗರಿ ಅಂಗಿಯ ರೋಗಿಗಳು

ನಮ್ಮ ಅತ್ತಿಗೆಗೆ ಊರಲ್ಲೆಲ್ಲ ಇಸ್ತ್ರಿ ಅತ್ತಿಗೆ ಎಂದೇ ಹೆಸರು. ನನಗಾದರೆ ಅವಳು ಅಣ್ಣನ ಹೆಂಡತಿ. ಬೇರೆಯವರಿಗೆ ಏನೂ ಆಗಬೇಕಿಲ್ಲ. ಆದರೂ ಹಾಲಿನವನಿಂದ ಹಿಡಿದು ಪೋಸ್ಟ್‌ಮಾಸ್ಟರ್‌ವರೆಗೆ ಎಲ್ಲರಿಗೂ ಅವಳು ಅತ್ತಿಗೆಯೇ. ಅವಳನ್ನು ಬೈಯುವ ಹಕ್ಕು ಮಾತ್ರ ನಾದಿನಿಯಾದ ನನ್ನೊಬ್ಬಳದು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದರಿಂದ ಆ ಹಕ್ಕನ್ನು ದಿನಾ ಚಲಾಯಿಸುತ್ತೇನೆ. ಅವಳು ನಗುತ್ತಾಳೆ. ಅದನ್ನು ನೋಡಿ ನನಗೆ ಇನ್ನಷ್ಟು ಮೈ ಉರಿಯುತ್ತದೆ.

ಬಸ್ ನಿಲ್ಲುವ ಜಾಗದ ಎದುರಿಗೆ ನಮ್ಮಿಬ್ಬರದೂ ಒಂದೇ ಅಂಗಡಿ. ಎಡಗಡೆ ನನ್ನ ಹೊಲಿಗೆ ಮೆಷಿನ್, ಬಲಗಡೆ ಅವಳ ಮೇಜು ಮತ್ತು ಇದ್ದಿಲಿನ ಇಸ್ತ್ರಿಪೆಟ್ಟಿಗೆ. ಅಂಗಡಿಯ ಹಿಂದಿನ ಕೋಣೆಯೇ ಅಣ್ಣ ಅತ್ತಿಗೆಯ ಮನೆ. ಅವಳು ಅಂಗಿಯ ಮೇಲೆ ನೀರು ಚಿಮುಕಿಸುತ್ತಾಳೆ, ಮೊದಲು ಕಾಲರ್, ಆಮೇಲೆ ಭುಜ, ತೋಳು, ಕೊನೆಗೆ ಎದೆ. ಯಾರ ಅಂಗಿ ಎಂದು ಕೇಳುವುದೇ ಬೇಡ, ಬೆವರಿನ ಕಲೆ ನೋಡಿಯೇ ಹೇಳುತ್ತಾಳೆ. ‘ಅಂಗಿ ನೆಟ್ಟಗಿದ್ರೆ ಮನುಷ್ಯ ತಾನಾಗೇ ನೆಟ್ಟಗೆ ನಿಲ್ತಾನೆ ಕಣೇ’ ಎನ್ನುವುದು ಅವಳ ನಂಬಿಕೆ.

ಆ ನಂಬಿಕೆಯನ್ನೇ ಅವಳು ಅಣ್ಣನ ಮೇಲೂ ಪ್ರಯೋಗಿಸಿದ್ದಳು. ಅಣ್ಣ ಗಾರೆ ಕೆಲಸದವನು. ಅವನು ಕಟ್ಟಿದ ಗೋಡೆ ನೋಡಲು ಬೇರೆ ಮೇಸ್ತ್ರಿಗಳು ಬರುತ್ತಿದ್ದ ಕಾಲವೊಂದಿತ್ತು. ಕುಡಿತ ಹೆಚ್ಚಾದ ಮೇಲೆ ಕರಣೆ ಹಿಡಿದ ಕೈ ನಡುಗಲು ಶುರುವಾಯಿತು. ಮೊದಲು ಕೆಲಸ ಕಡಿಮೆಯಾಯಿತು, ಆಮೇಲೆ ಯಾರೂ ಕರೆಯದೇ ಹೋದರು. ಹಿಂದಿನ ಸಂಜೆ ಎಲ್ಲಿ ಬಿದ್ದಿದ್ದರೂ ಸರಿ, ಬೆಳಿಗ್ಗೆ ಅವನು ಹೊರಗೆ ಬರುವಾಗ ಅಂಗಿಯಲ್ಲಿ ಒಂದು ಸುಕ್ಕೂ ಇರುತ್ತಿರಲಿಲ್ಲ. ಯಾರಾದರೂ ಕೇಳಿದರೆ ಅತ್ತಿಗೆ, ‘ಹೊಟ್ಟೆಯಲ್ಲಿ ಹುಣ್ಣು’ ಎನ್ನುತ್ತಿದ್ದಳು. ಕೇಳಿದವರೂ ಹೌದೌದು ಎಂದು ತಲೆಯಾಡಿಸಿ, ಹುಣ್ಣಿಗೆ ಒಂದಿಷ್ಟು ಮನೆಮದ್ದು ಹೇಳಿ ಹೋಗುತ್ತಿದ್ದರು.

‘ಊರಿಗೆಲ್ಲ ಗೊತ್ತಿರೋದನ್ನ ಯಾರಿಂದ ಮುಚ್ಚಿಡ್ತಿದ್ದೀಯ ಅತ್ತಿಗೆ?’ ಎಂದು ಒಂದು ದಿನ ಕತ್ತರಿ ಕುಕ್ಕಿ ಕೇಳಿಬಿಟ್ಟೆ.

‘ನನ್ನಿಂದ’ ಎಂದಳು. ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಸರ್ಕಾರಿ ಆಸ್ಪತ್ರೆಯ ಹಿಂಭಾಗದ ಎರಡು ಕೋಣೆಯಲ್ಲಿ ಕುಡಿತ ಬಿಡಿಸುವ ಕೇಂದ್ರ ಶುರುವಾದದ್ದು ಆಗಲೇ. ಸರ್ಕಾರ ಅನುದಾನ ಕೊಟ್ಟಿತು. ವಾರಕ್ಕೊಮ್ಮೆ ಡಾಕ್ಟರು ಬರುತ್ತಿದ್ದರು, ಮಾತ್ರೆ ಪುಕ್ಕಟೆ ಸಿಗುತ್ತಿತ್ತು. ಕೂತು ಮಾತು ಕೇಳಿಸಿಕೊಳ್ಳಲು ಆಪ್ತ ಸಮಾಲೋಚಕಿ ಎಂಬ ಹುಡುಗಿಯೊಬ್ಬಳಿದ್ದಳು. ‘ಇಲ್ಲಿಗೆ ಯಾರು ಬಂದ್ರು, ಯಾಕೆ ಬಂದ್ರು ಅಂತ ನನ್ನ ಬಾಯಿಂದ ಯಾರಿಗೂ ಗೊತ್ತಾಗಲ್ಲ’ ಎಂದು ಅವಳು ಎಲ್ಲರಿಗೂ ಮಾತು ಕೊಟ್ಟಿದ್ದಳು. ಅದೇ ಧೈರ್ಯದಲ್ಲಿ ಹಾಲಿನವನು ಹೋದ, ಕ್ಷೌರದವನು ಹೋದ, ಇನ್ನೂ ಹತ್ತಾರು ಜನ ಹೋದರು. ಎಲ್ಲರಿಗಿಂತ ಕೊನೆಗೆ ಅಣ್ಣ ಹೋದ. ಅತ್ತಿಗೆ ಎಷ್ಟು ಬೇಡಿಕೊಂಡಿದ್ದಳೋ ಅವಳಿಗೇ ಗೊತ್ತು. ಕೆಲವು ವಾರಗಳಲ್ಲಿ ಅವನು ಲೋಟ ತುಳುಕಿಸದೆ ಕಾಫಿ ಕುಡಿಯುವುದನ್ನು ಕಂಡು ನಾನು ಮೆಷಿನ್ ನಿಲ್ಲಿಸಿ ನೋಡಿದೆ.

ಅಷ್ಟರಲ್ಲಿ ಸುದ್ದಿ ಬಂತು: ಅನುದಾನದ ಅವಧಿ ಮುಗಿಯುತ್ತಿದೆ, ಮೇಲಿನವರು ಬಂದು ನೋಡುತ್ತಾರೆ, ಅಗತ್ಯವಿಲ್ಲ ಅನ್ನಿಸಿದರೆ ಕೇಂದ್ರ ಮುಚ್ಚಿ ಪಟ್ಟಣದ ಆಸ್ಪತ್ರೆಗೆ ಸೇರಿಸುತ್ತಾರೆ. ಪಟ್ಟಣಕ್ಕೆ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಅಲ್ಲಿ ಬಸ್ಸಿಳಿದರೆ ಕಾಣುವುದೇ ಮದ್ಯದಂಗಡಿಗಳ ಸಾಲು. ಅಣ್ಣ ಹೊರಡುವುದು ಔಷಧಿಗೆ, ತಲುಪುವುದು ಎಲ್ಲಿಗೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಅತ್ತಿಗೆಗೆ ಜೀವ ಬಾಯಿಗೆ ಬಂತು.

‘ಮೇಲಿನವರ ಮುಂದೆ ನಮ್ಮೋರು ಮುದುರಿದ ಬಟ್ಟೆ ಹಾಕ್ಕೊಂಡು ಕೂತ್ರೆ ಏನಂದ್ಕೋತಾರೆ?’ ಎಂದವಳೇ ಎಲ್ಲರಿಗೂ ಹೇಳಿ ಕಳಿಸಿದಳು. ಅಂಗಿಗಳ ರಾಶಿ ಬಂತು. ಒಬ್ಬರ ಹತ್ತಿರವೂ ಕಾಸು ಮುಟ್ಟದೆ ಎಲ್ಲಕ್ಕೂ ಇಸ್ತ್ರಿ ಹಾಕಿದಳು, ನಾನು ಕಿತ್ತುಹೋದ ಗುಂಡಿಗಳನ್ನೆಲ್ಲ ಹೊಲಿದೆ. ಕ್ಷೌರದವನು ಎಲ್ಲರ ಗಡ್ಡ ಕೆರೆದ. ನಮ್ಮಷ್ಟು ಬುದ್ಧಿವಂತರು ಯಾರೂ ಇಲ್ಲ ಎಂದೇ ಅಂದುಕೊಂಡಿದ್ದೆವು.

ಆ ದಿನ ಬೆಂಚಿನ ಮೇಲೆ ಎಲ್ಲರೂ ಸಾಲಾಗಿ ಕೂತಿದ್ದನ್ನು ನೋಡಬೇಕಿತ್ತು. ಗಂಡಿನ ಕಡೆಯವರು ಹೆಣ್ಣು ನೋಡಲು ಬಂದ ಹಾಗಿತ್ತು. ಬಂದದ್ದು ಹೆಗಲಿಗೆ ಚೀಲ ಹಾಕಿಕೊಂಡ, ನಡುವಯಸ್ಸು ದಾಟಿದ ಅಧಿಕಾರಿಣಿ. ಒಳಗೆ ಕಾಲಿಟ್ಟವರು ಸುತ್ತ ನೋಡಿ ಹುಬ್ಬೇರಿಸಿದರು.

‘ಎರಡು ಕೋಣೆಗೆ ಇಷ್ಟೊಂದು ಸಿಬ್ಬಂದಿನಾ? ಅದಿರ್ಲಿ, ರೋಗಿಗಳೆಲ್ಲಿ?’

ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಸಮಾಲೋಚಕಿ ಹುಡುಗಿ ಬಾಯಿ ತೆರೆದು ಮತ್ತೆ ಮುಚ್ಚಿದಳು. ಕೊಟ್ಟ ಮಾತು ಅವಳ ಕುತ್ತಿಗೆಗೇ ಬಂದಿತ್ತು. ಅಧಿಕಾರಿಣಿ ಮುಂದಿನ ಸಾಲಿನಲ್ಲಿದ್ದ ಅಣ್ಣನ ಕಡೆ ತಿರುಗಿದರು.

‘ಇಲ್ಲಿ ಮೇಲ್ವಿಚಾರಕರು ನೀವೇನಾ ಸಾರ್?’

ಅಣ್ಣನನ್ನು ಯಾರಾದರೂ ಸಾರ್ ಎಂದು ಕರೆದು ಯಾವ ಕಾಲವಾಗಿತ್ತೋ! ಅವನು ಎದ್ದು ನಿಂತ. ‘ಹೌದು ಮೇಡಂ, ಎಲ್ಲ ನಾನೇ ನೋಡ್ಕೊಳ್ಳೋದು’ ಎಂದುಬಿಟ್ಟ. ಅಷ್ಟೇ ಅಲ್ಲ, ಅವರನ್ನು ಕರೆದುಕೊಂಡು ಹೋಗಿ ಎರಡೂ ಕೋಣೆ ತೋರಿಸಿದ. ಯಾವ ಗೋಡೆ ತೇವ ಹೀರುತ್ತದೆ, ಎಲ್ಲಿ ಗಾರೆ ಉದುರುತ್ತಿದೆ, ಅದಕ್ಕೇನು ಮಾಡಬೇಕು ಎಂದು ಗೋಡೆ ಸವರುತ್ತಾ ಹೇಳಿದ. ಅವನ ಕೈ ನಡುಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆಯ ಮುಖ ನೋಡಿದೆ. ಮದುವೆಯಾದ ಹೊಸದರಲ್ಲಿ ಅವಳು ಅವನನ್ನು ಹೀಗೇ ನೋಡುತ್ತಿದ್ದಳು.

‘ಚೆನ್ನಾಗಿ ಇಟ್ಕೊಂಡಿದ್ದೀರ’ ಎಂದರು ಅಧಿಕಾರಿಣಿ, ಚೀಲದ ಜಿಪ್ ಎಳೆಯುತ್ತಾ. ‘ಆದ್ರೆ ಕಷ್ಟ ಇರೋ ಊರುಗಳು ಬೇಕಾದಷ್ಟಿವೆ. ಈ ದುಡ್ಡು ಅಲ್ಲಿಗೆ ಹೋಗ್ಲಿ. ಬೇಜಾರು ಮಾಡ್ಕೋಬೇಡಿ.’

ಅತ್ತಿಗೆ ಒಮ್ಮೆ ಅಣ್ಣನ ಮುಖ ನೋಡಿದಳು. ಆಮೇಲೆ ಅಧಿಕಾರಿಣಿಗೆ ಅಡ್ಡ ಬಂದು ನಿಂತಳು.

‘ಮೇಡಂ, ಅವರು ಮೇಲ್ವಿಚಾರಕರಲ್ಲ. ನನ್ನ ಗಂಡ. ಕುಡೀತಾರೆ. ಬಿಡೋಕೆ ಅಂತ ಇಲ್ಲಿಗೆ ಬರ್ತಿದ್ದಾರೆ. ಈ ಮಾತು ನಮ್ಮಮ್ಮನ ಹತ್ರಾನೂ ಇವತ್ತಿನವರೆಗೆ ಆಡಿಲ್ಲ ನಾನು. ಈ ಬಟ್ಟೆಗೆಲ್ಲ ಇಸ್ತ್ರಿ ಹಾಕಿದ್ದೂ ನಾನೇ. ಇದನ್ನ ಮುಚ್ಚಿದ್ರೆ ಅವರು ಉಳಿಯಲ್ಲ.’

ಅಣ್ಣ ಗೋಡೆಯ ಮೇಲಿದ್ದ ಕೈ ತೆಗೆದು, ಯಾರನ್ನೂ ನೋಡದೆ ಹೊರಗೆ ನಡೆದುಬಿಟ್ಟ.

ಹಾಲಿನವನು ಗಂಟಲು ಸರಿ ಮಾಡಿಕೊಂಡ. ‘ನಾನೂ ಅಷ್ಟೇ ಮೇಡಂ. ಹಸು ಕಟ್ಟೋದು ಬಿಟ್ಟು ಹಗ್ಗ ನನ್ನ ಸೊಂಟಕ್ಕೇ ಕಟ್ಕೊಂಡಿದ್ದೆ ಒಂದ್ಸಲ.’ ‘ಅದೇನ್ ಮಹಾ?’ ಎಂದ ಕ್ಷೌರದವನು, ‘ಗಿರಾಕಿಗೆ ಒಂದೇ ಕಡೆ ಮೀಸೆ ಬಿಟ್ಟು ಕಳಿಸಿದ್ದೆ ನಾನು.’ ಅಲ್ಲಿಂದ ಮುಂದೆ ಯಾರ ಬಾಯಿಗೂ ಬೀಗ ಇರಲಿಲ್ಲ. ಅಧಿಕಾರಿಣಿ ಚೀಲ ಇಳಿಸಿ ಕೂತರು. ನಗಬೇಕಾದಲ್ಲಿ ನಕ್ಕರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

‘ಪಟ್ಟಣಕ್ಕೆ ಸೇರಿಸಿದ್ರೆ ಹೋಗ್ತೀರಾ?’ ಎಂದು ಕೇಳಿದರು.

‘ಹೋಗ್ತೀವಿ ಮೇಡಂ’ ಎಂದ ಕ್ಷೌರದವನು. ‘ವಾಪಸ್ ಬರೋದೇ ಡೌಟು.’

ಕೆಲವು ದಿನಕ್ಕೆ ಅನುದಾನ ಮುಂದುವರಿದ ಸುದ್ದಿ ಬಂತು. ಊರೆಲ್ಲ ಅತ್ತಿಗೆಯನ್ನು ಹೊಗಳಿತು. ಅಣ್ಣ ಮಾತ್ರ ಹಿಂದಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಕುಡಿಯಲೂ ಹೋಗಲಿಲ್ಲ, ಕೇಂದ್ರಕ್ಕೂ ಹೋಗಲಿಲ್ಲ. ಅತ್ತಿಗೆಯ ಜೊತೆ ಮಾತೇ ನಿಲ್ಲಿಸಿಬಿಟ್ಟ. ಮಾತ್ರೆ ಮುಗಿದಿತ್ತು, ಸಂಜೆ ಬಾಗಿಲಿಗೆ ಬಂದು ರಸ್ತೆಯ ಆ ತುದಿಯನ್ನೇ ನೋಡುತ್ತ ನಿಲ್ಲುತ್ತಿದ್ದ. ಆ ತುದಿಯಲ್ಲಿರುವುದು ಮದ್ಯದಂಗಡಿ. ಅತ್ತಿಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಯಾವ ಕೇಂದ್ರಕ್ಕಾಗಿ ಅವಳು ಅವನ ಮಾನ ಕಳೆದಳೋ ಅದು ಉಳಿದಿತ್ತು, ಅವನೇ ಅಲ್ಲಿಗೆ ಕಾಲಿಡುತ್ತಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಒಳಗೆ ನುಗ್ಗಿ ಕೂಗಾಡಿದೆ.

‘ಒಂದು ಗಳಿಗೆ ನಾನು ಮನುಷ್ಯನ ಹಾಗೆ ನಿಂತಿದ್ದೆ ಕಣೇ’ ಎಂದ ಅಣ್ಣ, ಗೋಡೆಗೇ ಹೇಳುವವನ ಹಾಗೆ. ‘ಅದನ್ನೂ ಕಿತ್ಕೊಂಡ್ಲು.’

ನಾನು ಅಂಗಡಿಗೆ ವಾಪಸ್ ಬಂದೆ. ಹೊರಗೆ ಅತ್ತಿಗೆಗೆ ಎಲ್ಲ ಕೇಳಿಸಿತ್ತು. ‘ಅವರು ಹೇಳೋದ್ರಲ್ಲಿ ಸುಳ್ಳೇನಿಲ್ಲ’ ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಇದ್ದಿಲು ಕೆದಕಿದಳು.

ಒಂದು ಬೆಳಿಗ್ಗೆ ಶಾಲೆಯ ಮೇಷ್ಟ್ರು ಬಟ್ಟೆಯ ಗಂಟು ಹಿಡಿದು ಬಂದರು. ತಗ್ಗಿಸಿದ ದನಿಯ, ಯಾರ ತಂಟೆಗೂ ಹೋಗದ ಮನುಷ್ಯ. ಅತ್ತಿಗೆ ಗಂಟು ಬಿಚ್ಚಿದಳು. ಒಳಗಿದ್ದ ಅಂಗಿಗಳು ಅವಳೇ ಆ ವಾರ ಇಸ್ತ್ರಿ ಹಾಕಿ ಕೊಟ್ಟವು, ಮಡಿಕೆ ಕೂಡ ಬಿಚ್ಚಿರಲಿಲ್ಲ. ಅವಳು ತಲೆಯೆತ್ತಿ ಅವರನ್ನು ನೋಡಿದಳು. ಮೇಷ್ಟ್ರ ಹಣೆಯಲ್ಲಿ ಬೆವರು.

‘ಅವತ್ತು ನೀವು ಮೇಡಂಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು ಅತ್ತಿಗೆ’ ಎಂದರು, ರಸ್ತೆಯ ಕಡೆ ಒಮ್ಮೆ ನೋಡಿ. ‘ನಾನು ಮನೇಲೇ... ಬಾಗಿಲು ಹಾಕ್ಕೊಂಡು. ಯಾರಿಗೂ ಗೊತ್ತಿಲ್ಲ. ಒಬ್ನೇ ಅಲ್ಲಿಗೆ ಹೋಗೋಕೆ ಕಾಲೇ ಬರ್ತಿಲ್ಲ. ನಿಮ್ಮ ಯಜಮಾನ್ರು ಯಾವತ್ತು ಹೋಗ್ತಾರೋ ಅವತ್ತು ಅವರ ಜೊತೆ...’

ಅತ್ತಿಗೆ ಏನು ಹೇಳಬೇಕು? ಅವರು ಹೋಗುವುದನ್ನು ಬಿಟ್ಟರು ಎಂದರೆ ಮೇಷ್ಟ್ರು ಮನೆಗೆ ಹೋಗಿ ಮತ್ತೆ ಬಾಗಿಲು ಹಾಕಿಕೊಳ್ಳುತ್ತಾರೆ. ಹೋಗುತ್ತಾರೆ ಎಂದರೆ ಸುಳ್ಳು. ಅವಳು ಬಿಚ್ಚಿದ ಗಂಟನ್ನೇ ಮತ್ತೆ ಕಟ್ಟತೊಡಗಿದಳು. ನಾನು ಪೆಡಲ್ ಮೇಲಿನ ಕಾಲು ತೆಗೆದು ಕೂತೆ.

ಹಿಂದಿನ ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ನಲ್ಲಿ ಬಿಟ್ಟು ಮುಖ ತೊಳೆದ ಸದ್ದು ಬಂತು. ಅಣ್ಣ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ಕಾಣಿಸಿಕೊಂಡ.

‘ಇವತ್ತೇ ಹೋಗ್ತಿದ್ದೀನಿ ಮೇಷ್ಟ್ರೇ. ನಡೀರಿ.’

‘ಹಿಂದಿನ ಓಣಿಯಿಂದ ಹೋದ್ರೆ ಯಾರೂ...’ ಎಂದರು ಮೇಷ್ಟ್ರು.

‘ಅಲ್ಲೆಲ್ಲ ಕೆಸರು. ರಸ್ತೇಲೇ ಹೋಗೋಣ, ನಾನಿದ್ದೀನಲ್ಲ.’

ಚಪ್ಪಲಿ ಮೆಟ್ಟಿ ಎರಡು ಹೆಜ್ಜೆ ಹೋದವನು ನಿಂತ. ಅತ್ತಿಗೆಯ ಕಡೆ ಪೂರ್ತಿ ತಿರುಗಲಿಲ್ಲ.

‘ಮಧ್ಯಾಹ್ನ ಊಟಕ್ಕೆ ಇವರನ್ನೂ ಕರ್ಕೊಂಡು ಬರ್ತೀನಿ’ ಎಂದ. ‘ಒಬ್ರಿಗೆ ಜಾಸ್ತಿ ಮಾಡಿರು.’