ನೀನಿನ್ನು ಹೊರಗಿನವನಲ್ಲ

ಆ ಮಧ್ಯಾಹ್ನ ಮೇಜಿನ ಮೇಲೆ ರೆಕಾರ್ಡರ್ ಇತ್ತೋ ಇಲ್ಲವೋ, ನಾನು ಆಣೆಯಿಟ್ಟು ಹೇಳಲಾರೆ. ಅವರು ತುಟಿ ಚಾಚಿದ್ದು ಮಾತ್ರ ನೆನಪಿದೆ. ಏನನ್ನಾದರೂ ತೋರಿಸಬೇಕಾದರೆ ಅವರು ಬೆರಳೆತ್ತುತ್ತಿರಲಿಲ್ಲ. ಮುತ್ತು ಕೊಡಲು ಹೊರಟವರಂತೆ ತುಟಿಗಳನ್ನು ಆ ದಿಕ್ಕಿಗೆ ಮುಂದೆ ಮಾಡುತ್ತಿದ್ದರು. ಅವರ ದೇಶದಲ್ಲಿ ಹಾಗೆ ತೋರಿಸುವುದು ಮಾಮೂಲಂತೆ. ಅಂದು ರೆಕಾರ್ಡರಿನ ಕಡೆಗೆ ಚಾಚಿ ನನ್ನ ಒಪ್ಪಿಗೆ ಕೇಳಿದರು ಎಂದು ಕೆಲವೊಮ್ಮೆ ಅನ್ನಿಸುತ್ತದೆ. ತಣ್ಣಗಾಗುತ್ತಿದ್ದ ಚಹಾದ ಕಡೆಗೆ ಚಾಚಿದ್ದಷ್ಟೇ ಎಂದು ಉಳಿದ ದಿನಗಳಲ್ಲಿ ಅನ್ನಿಸುತ್ತದೆ.

ಬಹ್ರೇನಿನ ಮಾಹೂಝ್‌ನ ನಮ್ಮ ಕಟ್ಟಡದಲ್ಲಿ ಎದುರಿನ ಫ್ಲ್ಯಾಟಿಗೆ ಅವರು ಮನಿಲಾದಿಂದ ಬಂದಿದ್ದರು. ಸಾಮಾಜಿಕ ಮನಶ್ಶಾಸ್ತ್ರಜ್ಞೆ. ಊರು ಬಿಟ್ಟು ಗಲ್ಫಿಗೆ ಬಂದ ಫಿಲಿಪಿನೋಗಳ ಮನಸ್ಸು ಅವರ ಅಧ್ಯಯನದ ವಿಷಯ. ನರ್ಸ್ ಆಗಿರುವ ನನ್ನ ಹೆಂಡತಿಗೆ ಇಗರ್ಜಿಯಲ್ಲಿ, ಇಲ್ಲಿ ರಜಾದಿನವಾದ ಶುಕ್ರವಾರದ ಪೂಜೆಯ ನಂತರ ಅವರ ಪರಿಚಯವಾಯಿತು. ನನಗಿಂತ ಹತ್ತು ವರ್ಷ ದೊಡ್ಡವರಾದರೂ ನನ್ನನ್ನು 'ಕುಯಾ' ಎನ್ನುತ್ತಿದ್ದರು, ಅಂದರೆ ಅಣ್ಣ. ನೀರುದೋಸೆಯನ್ನು ಚಮಚ ಮುಳ್ಳುಚಮಚದಲ್ಲಿ ಕತ್ತರಿಸಿ ಬಂಗುಡೆ ಸಾರಿನಲ್ಲಿ ಅದ್ದಿ ತಿನ್ನುವರು. ಹೆಂಡತಿಯಿಂದ ಕಲಿತ ಎರಡೇ ಕನ್ನಡ ಪದಗಳನ್ನು ಬಾಗಿಲಲ್ಲಿ ನಿಂತು ಕೂಗುವರು: "ಎಂತ ಮಾರಾಯ್ರೆ?"

ನಾನು ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿ ಇಲ್ಲಿ ಒಂದು ಕಂಪೆನಿಯ ಮೂಲಕ ಆಸ್ಪತ್ರೆಯ ಕಡತ ವಿಭಾಗದಲ್ಲಿ ಕುಳಿತವನು. ಕಲಿತದ್ದೆಲ್ಲ ಅವರ ಮೇಲೆ ಪ್ರಯೋಗಿಸುತ್ತಿದ್ದೆ. "ಎಷ್ಟು ಜನರನ್ನು ಮಾತಾಡಿಸಿದಿರಿ? ಪ್ರಶ್ನಾವಳಿ ಎಲ್ಲಿ? ಹರಟೆ ಹೊಡೆಯುವುದನ್ನು ಸಂಶೋಧನೆ ಅನ್ನುವುದು ಹೇಗೆ?"

"ಪ್ರಶ್ನಾವಳಿ ಕೊಟ್ಟರೆ ನಮ್ಮವರು ನಗುತ್ತಾ ಎಲ್ಲದಕ್ಕೂ 'ಚೆನ್ನಾಗಿದ್ದೇನೆ' ಅಂತ ಗುರುತು ಹಾಕುತ್ತಾರೆ, ಕುಯಾ. ನಿಜ ಬೇಕಾದರೆ ಮೊದಲು ನನ್ನ ಕತೆ ನಾನು ಕೊಡಬೇಕು."

ಒಂದು ದಿನ ನನಗೂ ಕೊಟ್ಟರು. ಅವರ ತಾಯಿ ಇದೇ ಬಹ್ರೇನಿನಲ್ಲಿ, ಮುಹರ್ರಕ್‌ನ ಹಲ್ವಾ ಅಂಗಡಿಯೊಂದರ ಹಿಂದಿನ ಓಣಿಯ ಮನೆಯಲ್ಲಿ ಕೆಲಸಕ್ಕಿದ್ದರಂತೆ. ಪತ್ರದ ಬದಲು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಮಗಳಿಗೆ ಕಳಿಸುತ್ತಿದ್ದರು. ಪ್ರತಿ ಕ್ಯಾಸೆಟ್ಟಿನಲ್ಲೂ ಹಿಂದೆ ಒಂದು ಮಗು ಅಳುತ್ತಿತ್ತು. ತಾಯಿ ಮಾತು ಅರ್ಧಕ್ಕೆ ನಿಲ್ಲಿಸಿ ಅದನ್ನು ಸಮಾಧಾನ ಮಾಡುತ್ತಿದ್ದರು. "ನಮ್ಮಮ್ಮ ಬೇರೆ ಮಗುವನ್ನು ರಮಿಸುವುದನ್ನು ಕೇಳಿಕೊಂಡು ಬೆಳೆದೆ," ಎಂದರು. ಕಣ್ಣಲ್ಲಿ ನೀರಿರಲಿಲ್ಲ. ತಟ್ಟೆ ಎತ್ತಿಕೊಂಡು ಹೋಗಿ ತೊಳೆದಿಟ್ಟರು.

ಅದರ ಮರುವಾರವೇ ಇರಬೇಕು, ಆ ಮಧ್ಯಾಹ್ನ ನಾನು ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದೆ. ಊರಲ್ಲಿ, ಶಿರ್ವದಲ್ಲಿ ಅಮ್ಮ ಸಾಯುವ ಹಾಸಿಗೆಯಲ್ಲಿದ್ದಾಗ ಅಕ್ಕ ದಿನವೂ ಫೋನ್ ಮಾಡುತ್ತಿದ್ದಳು. ಕಂಪೆನಿ ರಜೆ ಕೊಡುತ್ತಿಲ್ಲ, ಪಾಸ್‌ಪೋರ್ಟ್ ಅವರ ಹತ್ತಿರ ಇದೆ ಎಂದು ಅಕ್ಕನಿಗೂ ಹೆಂಡತಿಗೂ ಹೇಳಿದ್ದೆ. ರಜೆ ಮಂಜೂರಾಗಿತ್ತು. ಪಾಸ್‌ಪೋರ್ಟ್ ನನ್ನ ಮದುವೆಯ ಶೂ ಡಬ್ಬಿಯಲ್ಲಿತ್ತು. ಅಮ್ಮನಿಗೆ ಯಾರ ಗುರುತೂ ಸಿಗುತ್ತಿಲ್ಲ ಎಂದು ಅಕ್ಕ ಹೇಳಿದ್ದಳು. 'ನೀನು ಯಾರು' ಎಂದು ಅಮ್ಮನಿಂದ ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಅವರು ನನ್ನ ಕೈ ಹಿಡಿದುಕೊಂಡು, "ಕುಯಾ, ನೀನಿನ್ನು ಹೊರಗಿನವನಲ್ಲ" ಎಂದರು. ಹೊರದೇಶದಲ್ಲಿ ಇಷ್ಟು ವರ್ಷ ಕಳೆದವನಿಗೆ ಆ ಮಾತು ಎಂಥದೆಂದು ವಿವರಿಸಬೇಕಾಗಿಲ್ಲ.

ಅವರು ಮನಿಲಾಕ್ಕೆ ಮರಳಿದ ಮೇಲೆ ಪುಸ್ತಕ ಬಂತು. ನನ್ನ ಹೆಂಡತಿಯ ಹೆಸರಿಗೆ, ಪ್ರೀತಿಯಿಂದ ಎಂದು ಬರೆದು ಕಳಿಸಿದ್ದರು. ಕೊನೆಯಲ್ಲಿ ಫಿಲಿಪಿನೋಗಳ ನೆರೆಹೊರೆಯವರ ಬಗ್ಗೆ ಒಂದು ಅಧ್ಯಾಯ. ಅವಳು ಅದನ್ನು ಡ್ಯೂಟಿಯ ಬಿಡುವಿನಲ್ಲಿ ಓದಿ ಬಂದು, ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಕೇಳಿದಳು.

"ಪಾಸ್‌ಪೋರ್ಟ್ ಕಂಪೆನಿಯಲ್ಲಿ ಉಂಟು ಅಂತ ಹೇಳಿದ್ದಲ್ವಾ ನೀವು?"

ಹೆಸರಿರಲಿಲ್ಲ. 'ಭಾರತೀಯ, ಆಸ್ಪತ್ರೆಯ ಗುಮಾಸ್ತ' ಎಂದಷ್ಟೇ ಇತ್ತು. ಆದರೆ ಶೂ ಡಬ್ಬಿ ಇತ್ತು.

"ಅವರು ಹೀಗೆ ಬರೀಬಾರದಿತ್ತು," ಎಂದೆ.

"ಬರೆದದ್ದು ಸುಳ್ಳಾ?"

ನಾನು ಪುಸ್ತಕ ಮುಚ್ಚಿದೆ.

"ಅತ್ತಿಗೆಗೆ ನೀವೇ ಹೇಳ್ತೀರಾ, ನಾನು ಹೇಳ್ಬೇಕಾ?"

ನಾನೇ ಹೇಳಿದೆ. ಅಕ್ಕ, "ಆ ಕಂಪೆನಿಯವರಿಗೆ ದಿನಾ ಶಾಪ ಹಾಕ್ತಿದ್ದೆನಲ್ಲ ಮಾರಾಯ ನಾನು" ಎಂದಳು. ಅವಳು ತಾನಾಗಿ ಫೋನ್ ಮಾಡುವುದು ಅಂದಿಗೆ ನಿಂತಿತು.

ನನ್ನನ್ನು ಹೆಚ್ಚು ಇರಿದದ್ದು ಮೊದಲ ಅಧ್ಯಾಯ. ಮಾಹಿತಿ ಕೊಡುವವನು ಸಂಶೋಧಕರನ್ನು ಹೊರಗಿನವರೆಂದು ಕಾಣುವವರೆಗೆ ಶಿಷ್ಟಾಚಾರದ ಮಾತಷ್ಟೇ ಸಿಗುತ್ತದೆ, 'ಹೊರಗಿನವನಲ್ಲ' ಎಂಬ ಹಂತ ತಲುಪಿದ ಮೇಲೆಯೇ ನಂಬಬಹುದಾದ ಮಾಹಿತಿ ಎಂದು ಅಲ್ಲಿ ವಿವರಿಸಿದ್ದರು. ನಾನು ಸ್ನೇಹ ಎಂದುಕೊಂಡದ್ದು ಒಂದು ಹಂತವಾಗಿತ್ತು. ಕೋಪದಲ್ಲಿ ಅವರಿಗೆ ಬರೆದೆ. ಒಂದೇ ಸಾಲಿನ ಉತ್ತರ ಬಂತು: "ನಿನ್ನನ್ನು ಕೇಳಿದ್ದೆನಲ್ಲ ಕುಯಾ, ನೀನು ಹೂಂ ಅಂದಿದ್ದೆ." ಅಂದಿದ್ದೆನೇ? ನನ್ನ ನೆನಪನ್ನು ನಂಬಿ ಅವರನ್ನು ಸುಳ್ಳುಗಾತಿ ಎನ್ನಲಾರೆ. ಅವರನ್ನು ನಂಬಿ ಕ್ಷಮಿಸಲೂ ಆಗಿಲ್ಲ. ಆ ಸಾಲಿಗೆ ಇಂದಿಗೂ ಉತ್ತರ ಬರೆದಿಲ್ಲ.

ಆದರೆ ಕ್ಯಾಸೆಟ್ಟಿನ ಕತೆಯೂ ನನ್ನ ಬಾಯಿ ಬಿಡಿಸಲು ಕಟ್ಟಿದ್ದು ಎಂಬ ಅನುಮಾನ ಕಾಡತೊಡಗಿತು. ಅದನ್ನು ಸುಳ್ಳೆಂದು ಸಾಬೀತು ಮಾಡಬೇಕೆಂದೇ ಒಂದು ಶನಿವಾರ ಬಸ್ಸು ಹತ್ತಿ ಸೇತುವೆ ದಾಟಿ ಮುಹರ್ರಕ್‌ಗೆ ಹೋದೆ. ಹಲ್ವಾ ಅಂಗಡಿಯವನು ಹಿಂದಿನ ಓಣಿಯ ಮನೆ ತೋರಿಸಿದ. ಬಾಗಿಲು ತೆರೆದದ್ದು ಹೆಚ್ಚುಕಡಿಮೆ ನನ್ನ ವಯಸ್ಸಿನ ಒಬ್ಬ ಬಹ್ರೇನಿ. ಹಳೆಯ ಕಾಲದ ಫಿಲಿಪಿನೋ ಕೆಲಸದಾಕೆಯ ಬಗ್ಗೆ ಕೇಳಿದ್ದಕ್ಕೆ ಒಳಗೆ ಕೂರಿಸಿ ಕಹ್ವಾ ಕಾಫಿ ಕೊಟ್ಟ. ಟೇಪ್‌ರೆಕಾರ್ಡರಿನ ಮಾತನ್ನು ನಾನು ಎತ್ತಿರಲಿಲ್ಲ. ಅವನೇ ಹರುಕುಮುರುಕು ಹಿಂದಿಯಲ್ಲಿ ಹೇಳಿದ: ಅಡುಗೆಮನೆಯಲ್ಲಿ ಆಕೆ ಟೇಪ್ ಹಾಕಿಕೊಂಡು ಮಾತಾಡಲು ಕೂತರೆ ಸಾಕು, ತಾನು ಜೋರಾಗಿ ಅಳಲು ಶುರು ಮಾಡುತ್ತಿದ್ದನಂತೆ, ತನ್ನನ್ನು ಬಿಟ್ಟು ಇನ್ಯಾರ ಹತ್ತಿರ ಅಷ್ಟು ಮೆತ್ತಗೆ ಮಾತಾಡುತ್ತಾಳೆ ಎಂದು.