ಮುಚ್ಚಿದ ಅಂಗಡಿಯೊಳಗೆ ನಾನಿದ್ದೆ

ಪಡೀಲಿನ ಹಮೀದ್ ಬ್ಯಾರಿಯವರ ಬಟ್ಟೆ ಅಂಗಡಿಯಲ್ಲಿ ಬ್ಲೌಸ್ ಪೀಸ್ ಆರಿಸುತ್ತಿದ್ದೆ. ಗೋಡೆಯ ಟಿವಿಯಲ್ಲಿ ಅದೇ ಅಂಗಡಿ ಕಾಣಿಸಿತು. ಶಟರ್ ಎಳೆದಿತ್ತು. ಪರದೆಯ ಕೆಳಗೆ ಕೆಂಪು ಅಕ್ಷರದಲ್ಲಿ ‘ಕೋಮುಗಲಭೆಯ ಭಯದಿಂದ ಬಾಗಿಲು ಮುಚ್ಚಿದ ಮಂಗಳೂರು’.

“ಇದೆಂತ ಬ್ಯಾರಿಗಳೇ, ನಿಮ್ಮ ಅಂಗಡಿ!”

“ಮಧ್ಯಾಹ್ನ ಜುಮಾ ನಮಾಜಿಗೆ ಹೋಗಿದ್ದೆ ಅಕ್ಕ. ಶುಕ್ರವಾರ ಮುಚ್ಚುವುದು ಉಂಟಲ್ಲ, ಆಗ ವಿಡಿಯೊ ತೆಗೆದದ್ದು,” ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ.

ಪರದೆಯಲ್ಲಿದ್ದ ಚಾನೆಲ್ಲಿನ ನಂಬರಿಗೆ ಅಲ್ಲಿಂದಲೇ ಫೋನ್ ಮಾಡಿದೆ. “ನೀವು ತೋರಿಸುವ ಮುಚ್ಚಿದ ಅಂಗಡಿಯ ಒಳಗೇ ನಾನು ಬ್ಲೌಸ್ ಪೀಸ್ ನೋಡ್ತಾ ಇದ್ದೇನೆ ಮಾರಾಯ್ರೆ. ಇಲ್ಲಿ ಯಾರಿಗೆ ಭಯ?” ಅತ್ತಲಿಂದ ಫೋನ್ ಇಟ್ಟರು.

ಈಗ ಪ್ರತಿ ಶುಕ್ರವಾರ ನಮಾಜು ಮುಗಿದು ಶಟರ್ ಏಳುವಾಗ ನಾನು ಆ ಬಾಗಿಲಲ್ಲಿರುತ್ತೇನೆ. ಕ್ಯಾಮೆರಾ ಬರಲಿ, ಕುಂಕುಮ ಇಟ್ಟ ಈ ಮುಖವನ್ನೂ ತೋರಿಸಲಿ.